ಮಗಳಿಗೆ ‘ಮುಗಿಲು’ ಅಂತ ಹೆಸರಿಡಬಹುದಾ?

ಪ್ರಶ್ನೆ: ನಾವು ಬೆಂಗಳೂರಿನ ಬಸವೇಶ್ವರನಗರದಲ್ಲಿದ್ದೇವೆ. ಎರಡು ತಿಂಗಳ ಹೆಣ್ಣುಮಗು ಇದೆ. ನನಗೂ ನನ್ನ ಗಂಡನಿಗೂ ‘ಮುಗಿಲು’ ಎಂಬ ಹೆಸರು ತುಂಬಾ ಇಷ್ಟ. ನನ್ನ ಕ್ಲಾಸಿನಲ್ಲಿ ನನ್ನದೇ ಹೆಸರಿನವರು ನಾಲ್ಕು ಜನ ಇದ್ದರು, ಮಗಳಿಗೆ ಹಾಗಾಗೋದು ಬೇಡ ಅನ್ನೋದೂ ಒಂದು ಕಾರಣ. ಆದರೆ ಅರಸೀಕೆರೆಯಲ್ಲಿರುವ ಅತ್ತೆ ಒಪ್ಪುತ್ತಿಲ್ಲ. ಮಗುವಿನದು ಆರಿದ್ರಾ ನಕ್ಷತ್ರ, ‘ಕು’ ಅಕ್ಷರದಿಂದಲೇ ಇಡಬೇಕು, ಕುಸುಮಾ ಅಂತ ಇಡಿ ಅನ್ನುತ್ತಾರೆ. ‘ಹೆಸರಿನಲ್ಲೇ ಮುಗಿ ಅಂತ ಇದೆ, ಅಪಶಕುನ’ ಅಂತಲೂ ಹೇಳಿದರು. ಸ್ಕೂಲಿಗೆ ಹೋದರೆ ಎಲ್ಲರೂ ಮೋಗ್ಲಿ ಅಂತ ರೇಗಿಸ್ತಾರೆ ಅಂತ ಆಫೀಸಿನಲ್ಲಿ ಒಬ್ಬರು ಅಂದರು. ಈಗ ನನಗೂ ಭಯ ಶುರುವಾಗಿದೆ. ಮುಂದಿನ ತಿಂಗಳು ನಾಮಕರಣ. ನಮ್ಮ ಆಸೆಗೆ ಮಗು ಕಷ್ಟಪಡೋ ಹಾಗಾಗುತ್ತಾ?

ಉತ್ತರ: ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಡಬಹುದು. ಮುಗಿಲು ಒಳ್ಳೆಯ ಹೆಸರು. ಆದರೆ ನಿಮ್ಮ ಅತ್ತೆ ಒಪ್ಪದೆ ಇಡಬೇಡಿ. ಇವೆರಡನ್ನೂ ಒಟ್ಟಿಗೆ ಹೇಳುತ್ತಿರುವುದಕ್ಕೆ ಕಾರಣ ಇದೆ.

ನಾನು ಶಾಲೆಗಳಲ್ಲಿ ಮಕ್ಕಳ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಹೆಸರಿನಿಂದ ನೊಂದ ಮಕ್ಕಳನ್ನು ನೋಡಿದ್ದೇನೆ. ಅವರಲ್ಲಿ ‘ನನ್ನ ಹೆಸರು ಬೇರೆ ಯಾರಿಗೂ ಇಲ್ಲ’ ಅಂತ ಅತ್ತವರು ಬಹಳ ಕಡಿಮೆ. ಒಬ್ಬೊಬ್ಬರು ಒಂದೊಂದು ಥರ ಕರೀತಾರೆ, ಯಾರ ಬಾಯಲ್ಲೂ ಸರಿಯಾಗಿ ಬರಲ್ಲ ಅನ್ನೋದು ಕೆಲವರ ದೂರು. ಇನ್ನು ಕೆಲವರ ಮನೆಯಲ್ಲಿ ಅಮ್ಮನ ಕಡೆಯವರು ಒಂದು ಹೆಸರು ಹಿಡಿದಿರುತ್ತಾರೆ, ಅಪ್ಪನ ಕಡೆಯವರು ಇನ್ನೊಂದು. ಮಗು ಯಾವ ಹೆಸರಿಗೆ ಓಗೊಟ್ಟರೂ ಇನ್ನೊಬ್ಬರಿಗೆ ಬೇಜಾರು. ಈ ಎರಡನೆಯದು ಮಗುವನ್ನು ಜಾಸ್ತಿ ಹಿಂಡುತ್ತದೆ. ಅಪರೂಪದ ಹೆಸರಿನ ಭಾರವನ್ನು ಮಗು ಸುಲಭವಾಗಿ ಹೊರುತ್ತದೆ, ಮನೆಯ ಜಗಳದ ಭಾರವನ್ನು ಹೊರಲಾರದು.

ಹೆಸರಿನ ಜಗಳ ಎಲ್ಲಿಯವರೆಗೆ ಹೋಗಬಹುದು ಅಂದರೆ, 2024ರ ಕೊನೆಯಲ್ಲಿ ಹುಣಸೂರಿನ ನ್ಯಾಯಾಲಯದಲ್ಲಿ ನಡೆದದ್ದು ನೆನಪಿರಬಹುದು. ಮಗುವಿನ ಹೆಸರಿನ ವಿಚಾರಕ್ಕೇ ಮನಸ್ತಾಪ ಬೆಳೆದು ಗಂಡ ಹೆಂಡತಿ ಬೇರೆಯಾಗಿದ್ದರು. ವರ್ಷಗಟ್ಟಲೆ ಎಳೆದಾಡಿದ ಮೇಲೆ ನ್ಯಾಯಾಲಯದಲ್ಲೇ ಮಗುವಿಗೆ ಬೇರೊಂದು ಹೆಸರಿಟ್ಟು ಇಬ್ಬರನ್ನೂ ಒಂದು ಮಾಡಿದರು. ನಿಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ, ನೀವಿಬ್ಬರೂ ಒಂದೇ ಮನಸ್ಸಿನಲ್ಲಿದ್ದೀರಿ. ಅದು ದೊಡ್ಡ ಬಲ. ಅತ್ತೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಹೆಸರನ್ನೇ ನೋಡೋಣ.

ಹೆಸರು ಇಡುವಾಗ ನಾವು ಅದನ್ನು ಬರೆದು ನೋಡುತ್ತೇವೆ. ಆದರೆ ಅದು ಬದುಕುವುದು ಬಾಯಲ್ಲಿ. ನಿಮ್ಮ ಮಗಳನ್ನು ದಿನಾ ಯಾರು ಕರೆಯುತ್ತಾರೆ, ಯೋಚಿಸಿ. ನೀವು, ಅಜ್ಜಿ, ಪಕ್ಕದ ಮನೆಯವರು, ಪ್ಲೇ ಹೋಮ್ ಆಯಾ, ವ್ಯಾನ್ ಡ್ರೈವರ್, ಆಮೇಲೆ ಟೀಚರ್. ಬೆಂಗಳೂರಿನ ಒಂದು ತರಗತಿಯಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳ, ಉರ್ದು, ಹಿಂದಿ ಮಾತಾಡೋ ಮನೆಗಳ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಇವರೆಲ್ಲರ ಬಾಯಿಗೆ ಹೆಸರು ಹೇಗೆ ಕೂರುತ್ತದೆ ಅನ್ನೋದು ಮುಖ್ಯ.

ಈ ಪರೀಕ್ಷೆಯಲ್ಲಿ ಮುಗಿಲು ಚೆನ್ನಾಗಿ ಪಾಸಾಗುತ್ತದೆ. ಒತ್ತಕ್ಷರ ಇಲ್ಲ, ಮಹಾಪ್ರಾಣ ಇಲ್ಲ. ಹೊರಗಿನವರು ತಡವರಿಸುವ ‘ಳ’, ‘ಣ’ ಇಲ್ಲ. ತಮಿಳಿನವರಿಗೆ ಮುಗಿಲ್ ಗೊತ್ತು, ಅಲ್ಲೂ ಅದು ಮೋಡವೇ, ಹೆಸರಾಗಿಯೂ ಬಳಕೆಯಲ್ಲಿದೆ. ತೆಲುಗಿನಲ್ಲಿ ಮೊಗಿಲು ಇದೆ. ಹಿಂದಿಯವರು ಕೊನೆಯ ‘ಉ’ ನುಂಗಿ ಮುಗಿಲ್ ಅಂತಾರೆ, ಅಷ್ಟೇ. ನಾಲ್ಕು ಸಲ ತಿದ್ದಿದರೆ ಸರಿಹೋಗುತ್ತದೆ. ತಿದ್ದದಿದ್ದರೂ ಹೆಸರೇನು ಕೆಡೋದಿಲ್ಲ.

ಇದಕ್ಕಿಂತ ಹತ್ತಿರದ ಪರೀಕ್ಷೆ ಇನ್ನೊಂದಿದೆ. ಹೆಸರನ್ನು ಮನೆಮಾತಿನೊಳಗೆ ಓಡಾಡಿಸಿ ನೋಡಿ. ‘ಮುಗಿಲು ಎದ್ದಳಾ?’ ‘ಮುಗಿಲಿಗೆ ಹಾಲು ಕೊಟ್ಟಾಯ್ತಾ?’ ‘ಮುಗಿಲಿನ ಟೋಪಿ ಎಲ್ಲಿಟ್ಟೆ?’ ‘ಮುಗಿಲೂ, ಬಾ ಇಲ್ಲಿ!’ ಒಂದು ವಾರ ಹೀಗೇ ಮಾತಾಡಿ. ‘ಮುಗಿಲು ಬಂತು’ ಅಂತ ರೂಢಿಯಾದ ಕಿವಿಗೆ ‘ಮುಗಿಲು ಬಂದಳು’ ಮೊದಲೆರಡು ದಿನ ವಿಚಿತ್ರ ಅನಿಸುತ್ತದೆ. ಮೂರನೇ ದಿನಕ್ಕೆ ಅದು ಮೋಡವಾಗಿ ಉಳಿದಿರೋದಿಲ್ಲ, ನಿಮ್ಮ ಮಗಳಾಗಿರುತ್ತಾಳೆ. ಹಾಗಾಗದೆ ಹೆಸರು ಇನ್ನೂ ನಾಲಿಗೆ ಮೇಲೆ ಎಡವುತ್ತಿದ್ದರೆ ಆಗ ನನ್ನ ಸಲಹೆ ಬದಲಾಗುತ್ತದೆ. ದೂರದಿಂದ ಕೂಗಿದರೆ ಕೇಳುತ್ತಾ, ಫೋನಿನಲ್ಲಿ ಒಂದೇ ಸಲಕ್ಕೆ ಅರ್ಥವಾಗುತ್ತಾ ಅಂತಲೂ ನೋಡಿ. ಹೆಸರು ಗೊತ್ತಿಲ್ಲದ ಯಾರಿಗಾದರೂ ಫೋನ್ ಮಾಡಿ ಹೇಳಿ. ಅವರು ‘ಏನು, ಏನಂದ್ರಿ?’ ಅಂತ ಎರಡು ಮೂರು ಸಲ ಕೇಳಿದರೆ, ಮಗಳೂ ಜೀವನಪೂರ್ತಿ ಅಷ್ಟು ಸಲ ಹೇಳಬೇಕಾಗುತ್ತದೆ ಅಂತ ಲೆಕ್ಕ.

ಇತ್ತೀಚೆಗೆ ಬಹಳ ಮಂದಿ ಅಪರೂಪ ಅಂತ ಇಡುವ ಕೆಲವು ಹೆಸರುಗಳು ಈ ಪರೀಕ್ಷೆಯಲ್ಲೇ ಸೋಲುತ್ತವೆ. ಇಂಟರ್ನೆಟ್ಟಿನ ಪಟ್ಟಿಯಿಂದ ತೆಗೆದ, ಕೊನೆಗೆ ‘ಅಂಶ್’ ಅಂತಲೋ ‘ವಿಕ್’ ಅಂತಲೋ ಬರುವ ಹೆಸರುಗಳು. ಅರ್ಥ ಕೇಳಿದರೆ ಅಪ್ಪ ಅಮ್ಮ ಮೊಬೈಲ್ ತೆಗೆಯುತ್ತಾರೆ. ಅಜ್ಜಿಗೆ ಉಚ್ಚಾರಣೆ ಬರಲ್ಲ, ಕೊನೆಗೆ ಪಾಪು ಅಂತಲೇ ಕರೆಯುತ್ತಾರೆ. ಇನ್ನು ಅದು ಅಪರೂಪವಾದರೂ ಆಗಿರುತ್ತಾ ಅಂದರೆ, ಅದೇ ಪಟ್ಟಿಯನ್ನು ಅದೇ ವರ್ಷ ಊರೆಲ್ಲಾ ನೋಡಿರುತ್ತದೆ. ಯುಕೆಜಿಗೆ ಬರುವಷ್ಟರಲ್ಲಿ ಒಂದೇ ಸೆಕ್ಷನ್ನಿನಲ್ಲಿ ಮೂವರು. ನೀವು ನಿಮ್ಮ ತರಗತಿಯ ನಾಲ್ವರ ಕಥೆ ಬರೆದಿದ್ದೀರಲ್ಲ, ಅದರಿಂದ ಮಗಳನ್ನು ಉಳಿಸಬೇಕು ಅಂದರೆ ಮುಗಿಲು ಅಂಥ ಪಟ್ಟಿಗಿಂತ ಎಷ್ಟೋ ವಾಸಿ.

ಹಾಗೆ ನೋಡಿದರೆ ಅಚ್ಚಗನ್ನಡದ ಮಾತನ್ನೇ ಹೆಸರಾಗಿ ಇಡೋದು ನಮ್ಮಲ್ಲಿ ಹೊಸದೇ ಅಲ್ಲ. ಹೊನ್ನಮ್ಮ, ಹೂವಮ್ಮ, ಮುತ್ತಮ್ಮ, ಬೆಳ್ಳಮ್ಮ, ಚೆಲುವಮ್ಮ. ಬೆಂಗಳೂರು ಕಟ್ಟಿದವರ ಹೆಸರು ಕೆಂಪೇಗೌಡ. ನಿಮ್ಮ ಅತ್ತೆಯ ಊರಲ್ಲೇ, ಅವರ ತಾಯಿಯ ಕಾಲದಲ್ಲಿ ಇಂಥ ಹೆಸರುಗಳು ಬೀದಿಗೆ ನಾಲ್ಕು ಇದ್ದಿರಬಹುದು. ಮಧ್ಯದಲ್ಲಿ ಎರಡು ತಲೆಮಾರು ಸಂಸ್ಕೃತದ ಹೆಸರುಗಳಿಗೆ ಒಲಿದವು, ಅಷ್ಟೇ. ಕುವೆಂಪು ತಮ್ಮ ಮಕ್ಕಳಿಗೆ ಇಟ್ಟ ಹೆಸರು ನೋಡಿ: ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ತೇಜಸ್ವಿ ಹುಟ್ಟಿದ್ದು 1938ರಲ್ಲಿ. ಆ ಕಾಲಕ್ಕೆ ಇವು ಎಷ್ಟು ಹೊಸದಾಗಿ ಕೇಳಿಸಿರಬೇಕು! ಆಮೇಲೆ ತೇಜಸ್ವಿ ಅನ್ನೋದು ಕರ್ನಾಟಕದ ಮನೆಮನೆಯ ಹೆಸರಾಯಿತು. ತೇಜಸ್ವಿಯವರೂ ತಮ್ಮ ಒಬ್ಬ ಮಗಳಿಗೆ ಈಶಾನ್ಯೆ ಅಂತ ಇಟ್ಟರು.

ಅಪರೂಪ ಅನ್ನೋದು ಸುತ್ತಲಿನವರನ್ನು ನೋಡಿ ಹೇಳುವ ಮಾತು ಅನ್ನೋದಕ್ಕೆ ಬೆಂಗಳೂರಿನ ಪಕ್ಕದಲ್ಲೇ ಉದಾಹರಣೆ ಇದೆ. ಬಿಡದಿ ಹತ್ತಿರದ ಭದ್ರಾಪುರದಲ್ಲಿ ಹಕ್ಕಿಪಿಕ್ಕಿ ಸಮುದಾಯದವರು ಇದ್ದಾರೆ. ಅವರಲ್ಲಿ ಕಾಫಿ, ಹೈಕೋರ್ಟ್, ಗೂಗಲ್ ಅಂತೆಲ್ಲಾ ಹೆಸರಿನವರಿರೋದು ಪತ್ರಿಕೆಗಳಲ್ಲಿ ಬಂದಿದೆ. ಓದಿದವರಿಗೆ ಸೋಜಿಗ. ಅಲ್ಲಿಯವರಿಗೆ ಅದು ಅಣ್ಣನ ಹೆಸರು, ಅತ್ತೆಯ ಹೆಸರು. ಯಾರೂ ತಿರುಗಿ ನೋಡೋದಿಲ್ಲ. ಸುತ್ತ ಇರುವ ಹತ್ತು ಜನ ಸಹಜವಾಗಿ ಕರೆದರೆ ಯಾವ ಹೆಸರಾದರೂ ಸಹಜವಾಗುತ್ತದೆ. ಅದಕ್ಕೇ ನಾನು ಅಜ್ಜಿಯ ಬಾಯಿಗೆ ಅಷ್ಟು ಬೆಲೆ ಕೊಡುತ್ತಿರುವುದು.

ಇನ್ನು ಮೋಗ್ಲಿ ವಿಚಾರ. ನಿಮ್ಮ ಆಫೀಸಿನವರು ಹೇಳಿದ್ದು ಸುಳ್ಳಲ್ಲ. ಯಾರಾದರೂ ಒಬ್ಬ ಹುಡುಗ ಅನ್ನುತ್ತಾನೆ, ಖಂಡಿತ. ಎರಡನೇ ತರಗತಿಯಿಂದ ಐದನೇ ತರಗತಿವರೆಗೆ ಮಕ್ಕಳಿಗೆ ಹೆಸರು ತಿರುಚೋದೇ ಒಂದು ಆಟ. ಪ್ರೀತಿ ಅಂತ ಇದ್ದರೆ ‘ಪ್ರೀತಿಗೀತಿ’ ಅಂತಾರೆ. ಕನ್ನಡದಲ್ಲಿ ಯಾವ ಹೆಸರಿಗಾದರೂ ಒಂದು ‘ಗೀ’ ಸೇರಿಸಿದರೆ ಸಾಕು, ರೇಗಿಸೋದಕ್ಕೆ ಸಾಮಾನು ರೆಡಿ. ಕುಸುಮಾ ಅಂತ ಇಟ್ಟರೂ ಇದರಿಂದ ಪಾರಾಗೋದಿಲ್ಲ.

ನಾನು ಗಮನಿಸಿದ್ದು ಇದು. ಜೊತೆಗೆ ಇಬ್ಬರು ಗೆಳತಿಯರಿರುವ ಮಗುವಿಗೆ ಅಡ್ಡಹೆಸರು ಎರಡು ದಿನಕ್ಕೆ ಹಳೆಯದಾಗುತ್ತದೆ. ಒಂಟಿಯಾಗಿ ಕೂರುವ ಮಗುವಿಗೆ ಅದು ಅಂಟಿಕೊಳ್ಳುತ್ತದೆ. ಅಂಥ ಮಗುವಿನ ಹೆಸರು ಬದಲಿಸಿದರೆ ಪ್ರಯೋಜನ ಇಲ್ಲ, ಅದಕ್ಕೊಬ್ಬ ಗೆಳತಿ ಬೇಕು. ಇನ್ನೊಂದು ಮಾತು. ಮಗು ಮನೆಗೆ ಬಂದು ‘ಅಮ್ಮಾ, ನನ್ನ ಮೋಗ್ಲಿ ಅಂದ್ರು’ ಅಂದಾಗ ಅದು ಮೊದಲು ನೋಡುವುದು ನಿಮ್ಮ ಮುಖ. ‘ಅಯ್ಯೋ, ನಾವು ಆ ಹೆಸರು ಇಡಬಾರದಿತ್ತು’ ಅನ್ನೋ ಭಾವ ಅಲ್ಲಿ ಕಂಡರೆ ಮಗುವಿಗೆ ತನ್ನ ಹೆಸರಿನಲ್ಲಿ ನಿಜವಾಗಿಯೂ ಏನೋ ತಪ್ಪಿದೆ ಅನಿಸುತ್ತದೆ. ‘ಹೌದಾ? ನೀನೇನಂದೆ?’ ಅಂತ ಆರಾಮಾಗಿ ಕೇಳಿ. ಶಾಲೆಗೆ ಸೇರೋ ಮುಂಚೆ ಅವಳಿಗೆ ಒಂದು ಸಾಲು ಕಲಿಸಿರಿ: ‘ನನ್ನ ಹೆಸರು ಮುಗಿಲು. ಮೋಡ ಇದೆಯಲ್ಲ, ಅದೇ.’ ನಾಚಿಕೆ ಇಲ್ಲದೆ, ತಲೆ ಎತ್ತಿ ಹೇಳಲು ಬಂದರೆ ಅರ್ಧ ಕೆಲಸ ಆಯ್ತು. ಮೊದಲ ದಿನವೇ ಕ್ಲಾಸ್ ಟೀಚರ್‌ಗೆ ಸರಿಯಾದ ಉಚ್ಚಾರಣೆ ಹೇಳಿಬಿಡಿ. ಹಾಜರಿ ಕೂಗುವಾಗ ಟೀಚರ್ ಸರಿಯಾಗಿ ಕರೆದರೆ ಇಡೀ ತರಗತಿ ಹಾಗೇ ಕರೆಯುತ್ತದೆ. ಟೀಚರ್ ತಡವರಿಸಿದರೆ ಹಿಂದಿನ ಬೆಂಚಿನಿಂದ ನಗು ಶುರುವಾಗುತ್ತದೆ.

ನಿಜವಾಗಿ ನೋವು ಕೊಡುವ ಹೆಸರು ಬೇರೆಯೇ ಇವೆ. ಹೆಣ್ಣುಮಕ್ಕಳು ಸಾಲಾಗಿ ಹುಟ್ಟಿದಾಗ ‘ಇನ್ನು ಸಾಕು’ ಅಂತ ಸಾಕಮ್ಮ ಎಂದು ಇಟ್ಟ ಮನೆಗಳು ನಮ್ಮಲ್ಲಿ ಇದ್ದವು. ಮಹಾರಾಷ್ಟ್ರದಲ್ಲಿ ನಕುಸಾ ಅಂತ ಇಡುತ್ತಿದ್ದರು, ಬೇಡವಾದವಳು ಅಂತ. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಆ ಹೆಸರು ಹೊತ್ತ ಇನ್ನೂರಕ್ಕೂ ಹೆಚ್ಚು ಹುಡುಗಿಯರಿಗೆ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟರು. ನಕುಸಾ ಕರೆಯೋಕೆ ಕಷ್ಟದ ಹೆಸರಲ್ಲ, ಆ ಕಡೆ ಅಪರೂಪವೂ ಆಗಿರಲಿಲ್ಲ. ಆದರೆ ಒಂದೊಂದು ಸಲ ಕರೆದಾಗಲೂ ‘ನೀನು ಬೇಡವಾಗಿದ್ದೆ’ ಅಂತ ಹೇಳುತ್ತಿತ್ತು. ನಿಮ್ಮ ಮಗಳು ‘ನನಗೆ ಯಾಕೆ ಈ ಹೆಸರು ಇಟ್ಟಿರಿ’ ಅಂತ ಒಂದು ದಿನ ಕೇಳೇ ಕೇಳುತ್ತಾಳೆ. ಆಗ ಹೇಳೋಕೆ ನಿಮ್ಮ ಹತ್ತಿರ ಪ್ರೀತಿಯ ಉತ್ತರ ಇದೆ, ಅಲ್ವಾ? ‘ಬೇರೆ ಯಾರಿಗೂ ಇರಬಾರದು ಅಂತ’ ಅನ್ನೋದಕ್ಕಿಂತ ಜಾಸ್ತಿ ಏನಾದರೂ ಇರಲಿ. ಯಾವ ಮಳೆಗಾಲ, ಯಾವ ಸಂಜೆ, ಇಬ್ಬರಲ್ಲಿ ಯಾರ ಬಾಯಿಂದ ಮೊದಲು ಬಂತು, ಅದನ್ನು ಈಗಲೇ ಒಂದು ಕಡೆ ಬರೆದಿಡಿ.

ಈಗ ಅತ್ತೆಯವರ ಮಾತಿಗೆ ಬರೋಣ. ಅವರದು ಎರಡು ಆಕ್ಷೇಪ. ಎರಡೂ ಬೇರೆ ಬೇರೆ. ಎರಡನ್ನೂ ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ಆ ಪದ ಬಾಯಿಗೆ ಬಂದ ಕ್ಷಣ ಮಾತುಕತೆ ನಿಂತುಹೋಗುತ್ತದೆ.

ಮೊದಲನೆಯದು ಅಕ್ಷರ. ಆರಿದ್ರಾ ನಕ್ಷತ್ರಕ್ಕೆ ಪಂಚಾಂಗ ಕೊಡುವ ನಾಲ್ಕು ಅಕ್ಷರ ಕು, ಘ, ಙ, ಛ. ಪಾದಕ್ಕೊಂದು. ಇದರಲ್ಲಿ ‘ಙ’ದಿಂದ ಯಾರೂ ಹೆಸರಿಡೋಕೆ ಆಗಲ್ಲ. ಆ ಪಾದದಲ್ಲಿ ಹುಟ್ಟಿದ ಮಕ್ಕಳಿಗೆ ಪುರೋಹಿತರು ಉಳಿದ ಅಕ್ಷರಗಳಲ್ಲಿ ಒಂದನ್ನು ಹಿಡಿದು ಹೆಸರು ಹೇಳುತ್ತಾರೆ. ಅಂದರೆ ಸಂಪ್ರದಾಯದ ಒಳಗೇ ಸ್ವಲ್ಪ ಸಡಿಲ ಇದೆ. ಅದಕ್ಕಿಂತ ಮುಖ್ಯ, ನಾಮಕರಣದಲ್ಲಿ ಮಗುವಿಗೆ ಒಂದೇ ಹೆಸರು ಇಡುವುದಿಲ್ಲ. ಮಾಸನಾಮ, ನಕ್ಷತ್ರನಾಮ, ಕುಲದೇವರ ಹೆಸರು, ಕೊನೆಗೆ ವ್ಯಾವಹಾರಿಕ ನಾಮ, ಹೀಗೆ ನಾಲ್ಕು ಹೆಸರು ಇಡುವ ಪದ್ಧತಿ ಇದೆ. ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಿಂದ ಬರೆದು, ಮಗುವಿನ ಕಿವಿಯಲ್ಲಿ ಹೇಳುತ್ತಾರೆ. ಅಕ್ಷರದ ನಿಯಮ ಇರುವುದು ನಕ್ಷತ್ರನಾಮಕ್ಕೆ. ಜನ ಕರೆಯುವ ವ್ಯಾವಹಾರಿಕ ನಾಮ ಮನೆಯವರ ಇಷ್ಟ. ಕುಸುಮಾ ನಕ್ಷತ್ರನಾಮವಾಗಿ ನಿಲ್ಲಲಿ. ಇದನ್ನು ನೀವು ಹೇಳೋದಕ್ಕಿಂತ ನಿಮ್ಮ ಮನೆಯ ಪುರೋಹಿತರ ಬಾಯಲ್ಲಿ ಅತ್ತೆ ಕೇಳಿದರೆ ಒಳ್ಳೆಯದು. ನಿಮ್ಮ ಮನೆಯ ಪದ್ಧತಿ ಬೇರೆ ಇದ್ದರೆ ಅದರಲ್ಲೂ ಎರಡು ಹೆಸರಿಗೆ ಜಾಗ ಇದ್ದೇ ಇರುತ್ತದೆ, ಕೇಳಿ ನೋಡಿ.

ಆ ಹೆಸರನ್ನು ಮಗುವಿನ ಕಿವಿಯಲ್ಲಿ ಹೇಳುವ ಭಾಗ್ಯ ಅತ್ತೆಯವರಿಗೇ ಇರಲಿ. ಬಹಳ ಮನೆಗಳಲ್ಲಿ ಅದು ಸೋದರತ್ತೆಯ ಹಕ್ಕು. ನಿಮಗೆ ನಾದಿನಿ ಇದ್ದರೆ ಅವರನ್ನೂ ಸೇರಿಸಿಕೊಳ್ಳಿ, ಅವರನ್ನು ಬಿಟ್ಟು ನಿರ್ಧಾರ ಮಾಡಿದರೆ ಇನ್ನೊಂದು ಬೇಜಾರಿಗೆ ದಾರಿ. ನಾನು ಕಂಡಂತೆ, ಅಜ್ಜಿಯರು ಅಕ್ಷರ ಅಂತ ಹೇಳುವಾಗ ಎಷ್ಟೋ ಸಲ ‘ನನ್ನನ್ನು ಯಾರೂ ಕೇಳಲಿಲ್ಲ’ ಅಂತ ಹೇಳುತ್ತಿರುತ್ತಾರೆ. ಬೆಂಗಳೂರಿನಲ್ಲಿ ಕೂತು ಮಗ ಸೊಸೆ ತೀರ್ಮಾನ ಮಾಡಿ, ವಾಟ್ಸಾಪಿನಲ್ಲಿ ಹೆಸರು ಕಳಿಸಿದರೆ ಯಾರಿಗಾದರೂ ನೋವಾಗುತ್ತದೆ.

ಅಜ್ಜಿ ಅವಳನ್ನು ಕುಸುಮಾ ಅಂತಲೇ ಕರೆದರೆ? ಕರೆಯಲಿ ಬಿಡಿ. ಪುಟ್ಟಿ, ಚಿನ್ನಿ, ಅಮ್ಮಿ, ಬಂಗಾರಿ ಅಂತ ನಾಲ್ಕು ಹೆಸರಿಗೆ ಓಗೊಡುತ್ತಾ ಬೆಳೆದವರೇ ನಾವೆಲ್ಲ. ಪ್ರೀತಿಯಿಂದ ಕರೆದ ಎರಡನೇ ಹೆಸರಿನಿಂದ ಮಗುವಿಗೆ ಗೊಂದಲ ಆಗೋದಿಲ್ಲ. ಹಟಕ್ಕೆ ಕರೆದರೆ ಮಾತ್ರ ಆಗುತ್ತದೆ. ಆ ವ್ಯತ್ಯಾಸ ಮಕ್ಕಳಿಗೆ ಬಹಳ ಬೇಗ ಗೊತ್ತಾಗುತ್ತದೆ.

ಎರಡನೆಯ ಆಕ್ಷೇಪ, ‘ಮುಗಿ’. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳೋದಿಲ್ಲ. ಕನ್ನಡದ ಕಿವಿ ಅದನ್ನು ಕೇಳಿಸಿಕೊಳ್ಳುತ್ತದೆ, ನಿಮ್ಮ ಅತ್ತೆ ಸುಮ್ನೆ ತಪ್ಪು ಹುಡುಕಿದ್ದಲ್ಲ. ಮೊದಲ ಮೊಮ್ಮಗಳ ಹೆಸರಿನಲ್ಲಿ ಅಂಥ ಸದ್ದು ಬೇಡ ಅನ್ನೋದು ಮಗುವಿನ ಮೇಲಿನ ಆಸೆಯಿಂದ ಬಂದ ಭಯ. ಅದಕ್ಕೆ ಉತ್ತರ ನಮ್ಮ ಹಳೆಯ ನಂಬಿಕೆಯಲ್ಲೇ ಇದೆ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಮಗುವನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಮ್ಮ ಅಂತಲೋ, ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ ಗುಂಡಪ್ಪ, ಕಲ್ಲಮ್ಮ ಅಂತಲೋ ಕರೆಯುತ್ತಿದ್ದರು. ಕೇಳೋಕೆ ಒರಟಾದ ಹೆಸರೇ ಮಗುವನ್ನು ದೃಷ್ಟಿಯಿಂದ ಕಾಯುತ್ತದೆ ಅನ್ನೋ ನಂಬಿಕೆ. ನಿಮ್ಮ ಅತ್ತೆಗೆ ಇಂಥ ಹೆಸರಿನವರು ಎಷ್ಟೋ ಜನ ಗೊತ್ತಿರುತ್ತಾರೆ, ತುಂಬು ಬಾಳು ಬಾಳಿದವರು. ವಾದ ಮಾಡಬೇಡಿ. ‘ಅತ್ತೆ, ನಿಮ್ಮೂರಲ್ಲಿ ಅಂಥ ಹೆಸರು ಯಾರಿಗಿತ್ತು?’ ಅಂತ ಕೇಳಿ, ಅವರೇ ಹೇಳುತ್ತಾ ಹೋಗಲಿ. ಜೊತೆಗೆ ಅವರಿಗೆ ಒಂದು ಮಾತು ಕೊಡಿ: ಹೆಸರನ್ನು ‘ಮುಗಿ’ ಅಂತ ಯಾರೂ ತುಂಡು ಮಾಡಿ ಕರೆಯಬಾರದು. ಇದನ್ನು ನೀವು ಮನೆಯಲ್ಲಿ ನಿಯಮ ಮಾಡಿಕೊಳ್ಳಲೇಬೇಕು. ಮುದ್ದಿನ ಹೆಸರು ಬೇಕಿದ್ದರೆ ಬೇರೆಯೇ ಒಂದು ಇರಲಿ, ಅದನ್ನು ಅಜ್ಜಿಯೇ ಆರಿಸಲಿ.

ಆತುರ ಬೇಡ ಅನ್ನೋದಕ್ಕೆ ಇನ್ನೂ ಒಂದು ಕಾರಣ ಇದೆ. ಮಕ್ಕಳು ತಮ್ಮ ಹೆಸರಿನ ಸದ್ದನ್ನು ಬೇರೆ ಹೆಸರುಗಳಿಂದ ಬೇರ್ಪಡಿಸಿ ಗುರುತಿಸೋದು ಸುಮಾರು ನಾಲ್ಕೂವರೆ ತಿಂಗಳ ಹೊತ್ತಿಗೆ ಅಂತ 1995ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ನಿಮ್ಮ ಮಗುವಿಗೆ ಎರಡು ತಿಂಗಳು. ನಾಮಕರಣ ಒಂದು ತಿಂಗಳು ಮುಂದೆ ಹೋದರೂ ಮಗುವಿಗೆ ಏನೂ ನಷ್ಟ ಇಲ್ಲ.

ಕಾನೂನಿನಲ್ಲೂ ಸಮಯ ಇದೆ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಅದನ್ನು ಆಸ್ಪತ್ರೆಯವರೇ ಹೆಸರಿಲ್ಲದೆ ಮಾಡಿಸಿರುತ್ತಾರೆ. ಹೆಸರು ಸೇರಿಸಲು ನೋಂದಣಿಯಾದ ದಿನದಿಂದ 12 ತಿಂಗಳವರೆಗೆ ಶುಲ್ಕ ಇಲ್ಲ. ಆಮೇಲೆ 15 ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ ಒಮ್ಮೆ ಸೇರಿಸಿದ ಮೇಲೆ ‘ಮನಸ್ಸು ಬದಲಾಯ್ತು’ ಅಂತ ತಿದ್ದಿಸೋದು ತುಂಬಾ ಕಷ್ಟ. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ಇರುವುದು ತಪ್ಪು ತಿದ್ದೋಕೆ. ಈ ಪ್ರಮಾಣಪತ್ರದ ತೂಕವೂ ಈಗ ಜಾಸ್ತಿಯಾಗಿದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನದಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಸೇರಲು, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ಕೆಲಸ, ಆಧಾರ್ ಎಲ್ಲಕ್ಕೂ ಹುಟ್ಟಿದ ದಿನ ಮತ್ತು ಜಾಗಕ್ಕೆ ಜನನ ಪ್ರಮಾಣಪತ್ರವೇ ದಾಖಲೆ. ಆದ್ದರಿಂದ ಅತ್ತೆ ಒಪ್ಪಿ, ನಾಮಕರಣ ಆಗಿ, ಹೆಸರು ಒಂದಷ್ಟು ದಿನ ಮನೆಯಲ್ಲಿ ಓಡಾಡಿದ ಮೇಲೇ ಪಾಲಿಕೆಗೆ ಹೋಗಿ.

ಅಲ್ಲಿಗೆ ಹೋಗುವ ಮುಂಚೆ ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆಯಬೇಕು ಅನ್ನೋದನ್ನು ಕಾಗದದ ಮೇಲೆ ಬರೆದು ತೀರ್ಮಾನ ಮಾಡಿಕೊಳ್ಳಿ. ಕೊನೆಗೆ ಒಂದೇ ‘ಯು’. ಎರಡು ‘ಓ’ ಹಾಕೋದು, ಸಂಖ್ಯಾಶಾಸ್ತ್ರ ಅಂತ ಮಧ್ಯೆ ಒಂದು ‘ಎಚ್’ ಸೇರಿಸೋದು ಯಾವುದೂ ಬೇಡ. ಅಪರೂಪದ ಹೆಸರನ್ನು ಕಂಪ್ಯೂಟರ್ ಮುಂದೆ ಕೂತವರು ತಮಗೆ ತೋಚಿದ ಹಾಗೆ ಟೈಪ್ ಮಾಡುತ್ತಾರೆ. ಪ್ರಿಂಟ್ ತೆಗೆಯೋ ಮೊದಲು ಪರದೆಯ ಮೇಲೆ ಕನ್ನಡ, ಇಂಗ್ಲಿಷ್ ಎರಡನ್ನೂ ಒಂದೊಂದು ಅಕ್ಷರ ಓದಿ ನೋಡಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ.

ಕುಸುಮಾ ಮುಗಿಲು ಅಂತ ಎರಡನ್ನೂ ಸೇರಿಸಿ ದಾಖಲೆಯಲ್ಲಿ ಬರೆಸಿ ಅಂತ ಯಾರಾದರೂ ರಾಜಿ ಸೂತ್ರ ಹೇಳಬಹುದು. ನನಗೆ ಇಷ್ಟವಿಲ್ಲ. ಒಂದು ಫಾರಂನಲ್ಲಿ ಮುಗಿಲು ಸರ್‌ನೇಮ್ ಆಗುತ್ತದೆ, ಇನ್ನೊಂದರಲ್ಲಿ ಬಿಟ್ಟೇ ಹೋಗುತ್ತದೆ. ಅದಕ್ಕೆ ಬದಲು ಅಪ್ಪನ ಅಥವಾ ಅಮ್ಮನ ಹೆಸರನ್ನು ಇನಿಷಿಯಲ್ ಆಗಿ ಬಿಡದೆ ಪೂರ್ತಿ ಬರೆಸಿ. ನಮ್ಮ ಕಡೆ ಸರ್‌ನೇಮ್ ಇಲ್ಲದೆ ಬರೀ ಇನಿಷಿಯಲ್ ಇಟ್ಟುಕೊಂಡವರು ಪಾಸ್‌ಪೋರ್ಟ್, ವೀಸಾ ಹೊತ್ತಿಗೆ ಪರದಾಡುತ್ತಾರೆ. ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರು ಮಾತ್ರ ಇದ್ದವರನ್ನು ಪ್ರವಾಸಿ ವೀಸಾದ ಮೇಲೆ ಬಿಡೋದಿಲ್ಲ ಅಂತ ಯುಎಇ 2022ರ ನವೆಂಬರಿನಲ್ಲಿ ನಿಯಮ ಮಾಡಿತು.

ಕೆಲಸ ಸಿಗುವಾಗ ವಿಚಿತ್ರ ಹೆಸರು ಅಡ್ಡಿಯಾಗುತ್ತಾ ಅಂತಲೂ ಕೆಲವರು ಕೇಳುತ್ತಾರೆ. ನಮ್ಮ ದೇಶದಲ್ಲಿ ಹೆಸರು ಅಡ್ಡಿಯಾಗೋದು ಬೇರೆ ಕಾರಣಕ್ಕೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಅರ್ಹತೆಯ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಖಾಸಗಿ ಕಂಪನಿಗಳಿಗೆ ಕಳಿಸಿದ್ದರು. ದಲಿತರ, ಮುಸ್ಲಿಮರ ಹೆಸರಿದ್ದ ಅರ್ಜಿಗಳಿಗೆ ಕರೆ ಬರುವ ಸಾಧ್ಯತೆ ಕಡಿಮೆ ಇತ್ತು. ಜನ ಹೆಸರಿನಲ್ಲಿ ಜಾತಿ, ಧರ್ಮ ಹುಡುಕುತ್ತಾರೆ, ಇದು ನಾಚಿಕೆಗೇಡಿನ ಸಂಗತಿ. ಮುಗಿಲು ಅನ್ನೋ ಹೆಸರು ಯಾವ ಜಾತಿಯನ್ನೂ ಹೇಳೋದಿಲ್ಲ. ನನಗೆ ಅದು ಈ ಹೆಸರಿನ ಬಹಳ ದೊಡ್ಡ ಗುಣ ಅನಿಸುತ್ತದೆ.

ದೊಡ್ಡವಳಾದ ಮೇಲೆ ಅವಳಿಗೇ ಇಷ್ಟವಾಗದಿದ್ದರೆ? ಹಾಗಾಗಲೂಬಹುದು, ಅದು ಅವಳ ಹಕ್ಕು. ಹೆಸರಿನ ಮೇಲಿನ ಅಧಿಕಾರ ವ್ಯಕ್ತಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ, ಸಿಬಿಎಸ್‌ಇ ಪ್ರಮಾಣಪತ್ರಗಳ ಮೇಲಿನ ಹೆಸರಿನ ಪ್ರಕರಣದಲ್ಲಿ ಹೇಳಿದೆ. ಆದರೂ ಅಫಿಡವಿಟ್, ಪತ್ರಿಕೆಯಲ್ಲಿ ಜಾಹೀರಾತು, ಗೆಜೆಟ್ ಅಂತ ಓಡಾಟ ಇದ್ದೇ ಇದೆ. ಹತ್ತನೇ ತರಗತಿಯ ಅಂಕಪಟ್ಟಿ ಬಂದ ಮೇಲೆ ಅದು ಇನ್ನೂ ಜಾಸ್ತಿ. ಹಾಗಾಗಿ ಎಂಟನೇ ತರಗತಿ ಹೊತ್ತಿಗೆ, ಎಸ್ಸೆಸ್ಸೆಲ್ಸಿ ನೋಂದಣಿಗೆ ಮುಂಚೆ, ಅವಳನ್ನು ಕೂರಿಸಿಕೊಂಡು ಒಮ್ಮೆ ಕೇಳಿ.

ಸದ್ಯಕ್ಕೆ ನೀವು ಮಾಡಬೇಕಾದದ್ದು ಅರಸೀಕೆರೆಗೆ ಹೋಗೋದು. ಫೋನಿನಲ್ಲಿ ಬೇಡ. ಮಗುವನ್ನು ಕರೆದುಕೊಂಡು ಇಬ್ಬರೂ ಹೋಗಿ, ಒಂದು ರಾತ್ರಿ ಉಳಿದುಕೊಳ್ಳಿ. ಹೆಸರಿನ ಮಾತನ್ನು ನಿಮ್ಮ ಗಂಡನೇ ಎತ್ತಲಿ. ನಿಮ್ಮ ಪತ್ರದಲ್ಲಿ ಅವರಿಗೂ ಈ ಹೆಸರು ಇಷ್ಟ ಅಂತ ಇದೆ, ಆದರೆ ಅತ್ತೆಯ ಹತ್ತಿರ ಮಾತಾಡಿದ್ದು ನೀವೊಬ್ಬರೇ ಅನ್ನೋ ಹಾಗೆ ಕಾಣುತ್ತದೆ. ಸೊಸೆ ಹೇಳಿದರೆ ಅದು ಸೊಸೆಯ ಹಟ ಅನಿಸಿಬಿಡಬಹುದು. ‘ಅಮ್ಮಾ, ಇದು ನನಗೂ ಬೇಕು’ ಅಂತ ಮಗ ಹೇಳಲಿ, ನಕ್ಷತ್ರನಾಮ ನೀನೇ ಹೇಳಬೇಕು ಅಂತಲೂ ಅವರೇ ಕೇಳಲಿ.